ಎಳೆಯ ಹೆಣ್ಣಿಲಿಗಳ ಡೋಪಮೈನ್ ಅಧ್ಯಯನಕ್ಕೆ ಎಲ್‌ಎಚ್–ಪ್ರೊಲ್ಯಾಕ್ಟಿನ್ ಎಲೈಸಾ ಕಿಟ್: ಒಂದು ವಿಮರ್ಶೆ

ಇಲಿಯ ಸೀರಮ್‌ನಲ್ಲಿ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿದ್ರವ) ಪಿಟ್ಯುಟರಿ ಗ್ರಂಥಿಯ ಎರಡು ಹಾರ್ಮೋನುಗಳಾದ ಲ್ಯೂಟಿನೈಸಿಂಗ್ ಹಾರ್ಮೋನು, ಅಂದರೆ ಎಲ್‌ಎಚ್, ಮತ್ತು ಪ್ರೊಲ್ಯಾಕ್ಟಿನ್ ಎಷ್ಟಿದೆಯೆಂದು ಅಳೆಯಲು ಒಂದೇ ತಯಾರಕ ಸಂಸ್ಥೆ ಜೋಡಿಯಾಗಿ ಮಾರುವ ಎರಡು ಎಲೈಸಾ (ಪ್ರತಿಕಾಯ ಮತ್ತು ಬಣ್ಣದ ಕ್ರಿಯೆಯಿಂದ ಹಾರ್ಮೋನು ಅಳೆಯುವ ವಿಧಾನ) ಕಿಟ್‌ಗಳನ್ನು ಕುರಿತು ಈ ಬರಹ. ಬೆಳೆದ ಇಲಿಗಳಲ್ಲಿ ಇವನ್ನು ಬಳಸಿದವರು ಸಾಮಾನ್ಯವಾಗಿ ತೃಪ್ತರಾಗಿಯೇ ಇದ್ದಾರೆ, ಆ ವಿಷಯದಲ್ಲಿ ನಾನು ಹೊಸದಾಗಿ ಸೇರಿಸಬೇಕಾದದ್ದು ಹೆಚ್ಚಿಲ್ಲ. ನಾನು ಇವನ್ನು ಒರೆಗೆ ಹಚ್ಚಿದ್ದು ಬೇರೊಂದು ಕೆಲಸಕ್ಕೆ: ಪ್ರೌಢಾವಸ್ಥೆಗೆ ಇನ್ನೂ ಕಾಲಿಡದ ಹೆಣ್ಣಿಲಿಯಲ್ಲಿ ಮಿದುಳಿನ ಡೋಪಮೈನ್ ಎಂಬ ನರಸಂದೇಶ ರಾಸಾಯನಿಕವು ಹಾರ್ಮೋನುಗಳ ಫೀಡ್‌ಬ್ಯಾಕ್ ವ್ಯವಸ್ಥೆಯನ್ನು (ಹಾರ್ಮೋನುಗಳು ತಮ್ಮ ಸ್ರವಿಕೆಯನ್ನು ತಾವೇ ಏರಿಸುವ, ಇಳಿಸುವ ಏರ್ಪಾಡು) ಹೇಗೆ ಪ್ರಭಾವಿಸುತ್ತದೆ ಎಂಬುದನ್ನು ತಿಳಿಯಲು. ಆ ಕೆಲಸಕ್ಕೆ ಪ್ರೊಲ್ಯಾಕ್ಟಿನ್ ಕಿಟ್ಟನ್ನು ಧೈರ್ಯವಾಗಿ ಕೊಳ್ಳಬಹುದು. ಎಲ್‌ಎಚ್ ಕಿಟ್ಟು ಹಾರ್ಮೋನು ಏರುವುದನ್ನು ಚೆನ್ನಾಗಿ ತೋರಿಸುತ್ತದೆ, ಮೊದಲೇ ಕಡಿಮೆಯಿರುವುದು ಇನ್ನೂ ಇಳಿಯುವುದನ್ನು ತೋರಿಸುವುದಿಲ್ಲ. ಫೀಡ್‌ಬ್ಯಾಕ್ ಎಂಬುದರಲ್ಲಿ ಅರ್ಧ ಭಾಗ ಇಳಿಕೆಯದೇ ಆಗಿರುವುದರಿಂದ ಈ ಕೊರತೆಯನ್ನು ಸಣ್ಣದೆಂದು ಬಿಡುವಂತಿಲ್ಲ.

ಡೋಪಮೈನ್‌ಗೆ ಈ ವ್ಯವಸ್ಥೆಯಲ್ಲಿರುವ ಸ್ಥಾನವೇನೆಂದು ಮೊದಲು ಹೇಳದಿದ್ದರೆ ಒಂದೇ ಮರಿಯ ಸೀರಮ್‌ನಲ್ಲಿ ಎರಡೂ ಹಾರ್ಮೋನುಗಳನ್ನು ಅಳೆಯಬೇಕೆಂದು ನಾನು ಪಟ್ಟು ಹಿಡಿಯುವುದೇಕೆಂದು ಅರ್ಥವಾಗುವುದಿಲ್ಲ. ಮಿದುಳಿನ ತಳದಲ್ಲಿರುವ ಹೈಪೊಥಾಲಮಸ್‌ನ ಆರ್ಕ್ಯುಯೇಟ್ ನ್ಯೂಕ್ಲಿಯಸ್ ಎಂಬ ಭಾಗದಲ್ಲಿರುವ ಡೋಪಮೈನ್ ನರಕೋಶಗಳು ತಮ್ಮ ತಂತುಗಳನ್ನು ಹೈಪೊಥಾಲಮಸ್‌ನ ಬುಡದಲ್ಲಿರುವ ಮೀಡಿಯನ್ ಎಮಿನೆನ್ಸ್‌ವರೆಗೆ ಚಾಚಿರುತ್ತವೆ. ಅಲ್ಲಿ ಅವು ಬಿಡುಗಡೆ ಮಾಡುವ ಡೋಪಮೈನ್ ಪೋರ್ಟಲ್ ರಕ್ತನಾಳಗಳ ಮೂಲಕ ಪಿಟ್ಯುಟರಿ ಗ್ರಂಥಿಯನ್ನು ತಲುಪಿ, ಪ್ರೊಲ್ಯಾಕ್ಟಿನ್ ಸ್ರವಿಸುವ ಕೋಶಗಳ ಡಿ2 ಗ್ರಾಹಕಗಳ ಮೇಲೆ ಕೂತು ಆ ಸ್ರವಿಕೆಯನ್ನು ಸದಾ ತಡೆಹಿಡಿಯುತ್ತದೆ. ಪಿಟ್ಯುಟರಿಯ ಬೇರೆ ಹಾರ್ಮೋನುಗಳು ಹೈಪೊಥಾಲಮಸ್‌ನಿಂದ ಮುಖ್ಯವಾಗಿ ಪ್ರಚೋದನೆಯನ್ನು ಪಡೆದರೆ, ಪ್ರೊಲ್ಯಾಕ್ಟಿನ್ ಮುಖ್ಯವಾಗಿ ತಡೆಯನ್ನು ಪಡೆಯುತ್ತದೆ. ಪ್ರೊಲ್ಯಾಕ್ಟಿನ್ ಹೆಚ್ಚಾದಾಗ ಅದೇ ಈ ನರಕೋಶಗಳನ್ನು ಚುರುಕುಗೊಳಿಸಿ ತನ್ನ ಮೇಲಿನ ತಡೆಯನ್ನು ಬಿಗಿಗೊಳಿಸಿಕೊಳ್ಳುತ್ತದೆ. ಇದು ಅಂಡಾಶಯದ ಹಂಗಿಲ್ಲದೆ ಮಿದುಳು ಮತ್ತು ಪಿಟ್ಯುಟರಿಗಳ ನಡುವೆಯೇ ಮುಗಿಯುವ ಚಿಕ್ಕ ಸುತ್ತಿನ ಫೀಡ್‌ಬ್ಯಾಕ್.

ದೊಡ್ಡ ಸುತ್ತು ಅಂಡಾಶಯವನ್ನು ಒಳಗೊಂಡದ್ದು. ಹೈಪೊಥಾಲಮಸ್‌ನ ಜಿಎನ್‌ಆರ್‌ಎಚ್ ಎಂಬ ಹಾರ್ಮೋನು ಪಿಟ್ಯುಟರಿಯಿಂದ ಎಲ್‌ಎಚ್ ಮತ್ತು ಅಂಡಾಶಯದ ಕೋಶಕಗಳನ್ನು ಬೆಳೆಸುವ ಎಫ್‌ಎಸ್‌ಎಚ್ ಹೊರಡುವಂತೆ ಮಾಡುತ್ತದೆ, ಅವು ಅಂಡಾಶಯದಲ್ಲಿ ಎಸ್ಟ್ರಾಡಯಾಲ್ ಎಂಬ ಈಸ್ಟ್ರೊಜೆನ್‌ನ (ಹೆಣ್ಣಿನ ಲೈಂಗಿಕ ಹಾರ್ಮೋನು) ಉತ್ಪತ್ತಿಗೆ ಕಾರಣವಾಗುತ್ತವೆ, ಎಸ್ಟ್ರಾಡಯಾಲ್ ಹೆಚ್ಚಿನ ಕಾಲ ಎಲ್‌ಎಚ್ ಅನ್ನು ತಗ್ಗಿಸಿಡುತ್ತದೆ. ಇದು ಋಣಾತ್ಮಕ ಫೀಡ್‌ಬ್ಯಾಕ್. ಅದೇ ಎಸ್ಟ್ರಾಡಯಾಲ್ ಒಂದು ಮಟ್ಟವನ್ನು ಮೀರಿ ಸಾಕಷ್ಟು ಹೊತ್ತು ಉಳಿದಾಗ ಹೆಣ್ಣಿನ ಮಿದುಳಿನಲ್ಲಿ ಎಲ್‌ಎಚ್‌ನ ದೊಡ್ಡ ಉಬ್ಬರವನ್ನೇ ಎಬ್ಬಿಸುತ್ತದೆ, ಅದು ಧನಾತ್ಮಕ ಫೀಡ್‌ಬ್ಯಾಕ್. ಹುಟ್ಟಿದ ಮೊದಲ ಎರಡು ವಾರಗಳಲ್ಲಿ ಹೆಣ್ಣುಮರಿಗೆ ಹೊರಗಿನಿಂದ ಎಸ್ಟ್ರಾಡಯಾಲ್ ಕೊಟ್ಟರೂ ಆ ಉಬ್ಬರ ಬರುವುದಿಲ್ಲ, ಮೂರನೆಯ ವಾರ ಮುಗಿದು ನಾಲ್ಕನೆಯದು ಆರಂಭವಾಗುವ ಹೊತ್ತಿಗೆ ಅದು ಬರತೊಡಗುತ್ತದೆ. ತಳಿ ಮತ್ತು ಆಹಾರವನ್ನು ಅನುಸರಿಸಿ ಸುಮಾರು 33ರಿಂದ 38 ದಿನಗಳ ನಡುವೆ ಯೋನಿದ್ವಾರ ತೆರೆದುಕೊಂಡು ಮೊದಲ ಅಂಡೋತ್ಸರ್ಗವಾಗುತ್ತದೆ. ಹೀಗೆ ಐದು ವಾರಗಳಷ್ಟು ಕಿರಿದಾದ ಅವಧಿಯಲ್ಲಿ ಇಡೀ ವ್ಯವಸ್ಥೆ ತನ್ನ ಸ್ವಭಾವವನ್ನು ಹಲವು ಸಲ ಬದಲಿಸಿಕೊಳ್ಳುತ್ತದೆ.

ಡೋಪಮೈನ್ ಈ ದೊಡ್ಡ ಸುತ್ತಿನಲ್ಲಿಯೂ ಕೈಯಾಡಿಸುತ್ತದೆ ಎಂಬುದೇ ವಿಷಯದ ಅತ್ಯಂತ ಆಕರ್ಷಕ ಭಾಗ. ಸುಮಾರು 12 ದಿನಗಳ ಹೆಣ್ಣುಮರಿಗೆ ಹ್ಯಾಲೊಪೆರಿಡಾಲ್‌ನಂತಹ ಡೋಪಮೈನ್ ತಡೆಗಾರ ಔಷಧವನ್ನು ಕೊಟ್ಟಾಗ ಎಲ್‌ಎಚ್ ಏರುತ್ತದೆ, ಅದೇ ವಯಸ್ಸಿನ ಗಂಡುಮರಿಯಲ್ಲಿ ಹಾಗಾಗುವುದಿಲ್ಲ ಎಂದು 1980ರ ದಶಕದ ಪ್ರಯೋಗಗಳು ತೋರಿಸಿದವು. ಅಂದರೆ ಶೈಶವದ ಒಂದು ಹಂತದಲ್ಲಿ ಹೆಣ್ಣಿನ ಮಿದುಳಿನ ಡೋಪಮೈನ್ ಪ್ರೊಲ್ಯಾಕ್ಟಿನ್ ಜೊತೆಗೆ ಎಲ್‌ಎಚ್ ಅನ್ನೂ ಅದುಮಿಟ್ಟಿರುತ್ತದೆ. ಮುಂದೆ ಈಸ್ಟ್ರೊಜೆನ್‌ನ ಪರಿಸ್ಥಿತಿ ಬದಲಾದಂತೆ ಡೋಪಮೈನ್‌ನ ಪರಿಣಾಮವೂ ಬದಲಾಗುತ್ತದೆ. ಪ್ರೊಲ್ಯಾಕ್ಟಿನ್ ಕೂಡ ಇಲ್ಲಿ ಕೇವಲ ಪ್ರೇಕ್ಷಕನಲ್ಲ: ಎಳೆಯ ಹೆಣ್ಣಿಲಿಗಳಲ್ಲಿ ಅದನ್ನು ಕೃತಕವಾಗಿ ಏರಿಸಿದರೆ ಪ್ರೌಢಾವಸ್ಥೆ ಬೇಗ ಬರುತ್ತದೆ, ಡೋಪಮೈನ್‌ನಂತೆಯೇ ಕೆಲಸ ಮಾಡುವ ಬ್ರೋಮೊಕ್ರಿಪ್ಟಿನ್ ಔಷಧದಿಂದ ದೀರ್ಘಕಾಲ ತಗ್ಗಿಸಿದರೆ ತಡವಾಗುತ್ತದೆ, ಏಕೆಂದರೆ ಅಂಡಾಶಯದಲ್ಲಿ ಎಲ್‌ಎಚ್ ಗ್ರಾಹಕಗಳು ಹೆಚ್ಚಲು ಪ್ರೊಲ್ಯಾಕ್ಟಿನ್ ನೆರವಾಗುತ್ತದೆ. ಆದ್ದರಿಂದ ಡೋಪಮೈನ್‌ಗೆ ಅಡ್ಡಿ ಮಾಡಿದಾಗ ಎಲ್‌ಎಚ್ ಬದಲಾಗದೆ ಉಳಿದರೂ ಅಂಡಾಶಯ ಅದಕ್ಕೆ ಓಗೊಡುವ ರೀತಿ ಬದಲಾಗಿರಬಹುದು. ಒಂದನ್ನೇ ಅಳೆದವರಿಗೆ ಅರ್ಧ ಚಿತ್ರವೂ ಸಿಗುವುದಿಲ್ಲ.

ಇನ್ನು ಕಿಟ್‌ಗಳ ವಿಷಯ. ಎರಡೂ ಸ್ಯಾಂಡ್‌ವಿಚ್ ವಿಧಾನದವು: 96 ವೆಲ್‌ಗಳ, ಅಂದರೆ ಸಣ್ಣ ಕುಳಿಗಳ, ಪ್ಲೇಟ್‌ನ ತಳಕ್ಕೆ ಒಂದು ಪ್ರತಿಕಾಯವನ್ನು ಅಂಟಿಸಿರುತ್ತಾರೆ, ಸೀರಮ್‌ನ ಹಾರ್ಮೋನು ಅದಕ್ಕೆ ಸಿಕ್ಕಿಕೊಂಡ ಮೇಲೆ ಬಯೋಟಿನ್ ಅಂಟಿಸಿದ ಎರಡನೆಯ ಪ್ರತಿಕಾಯ, ಆಮೇಲೆ ಕಿಣ್ವ, ಕೊನೆಗೆ ಬಣ್ಣ ಕೊಡುವ ಟಿಎಂಬಿ ದ್ರಾವಣ. ಆಮ್ಲ ಹಾಕಿ ಕ್ರಿಯೆಯನ್ನು ನಿಲ್ಲಿಸಿ 450 ನ್ಯಾನೋಮೀಟರ್‌ನಲ್ಲಿ ಓದಬೇಕು. ಪ್ಲೇಟ್ ಪಟ್ಟಿಗಳಾಗಿ ಬಿಡಿಸಿಕೊಳ್ಳುವಂತಿದೆ, ಹಾಗಾಗಿ ಕೆಲವೇ ಮರಿಗಳಿರುವ ದಿನ ಇಡೀ ಪ್ಲೇಟನ್ನು ವ್ಯಯ ಮಾಡಬೇಕಾಗಿಲ್ಲ. ಕೈಪಿಡಿ ಸ್ಪಷ್ಟವಾಗಿದೆ. ತೊಳೆಯುವ ಹಂತಗಳ ಬಗ್ಗೆ ಅದು ಕೊಡುವ ಎಚ್ಚರಿಕೆಯನ್ನು ಅಕ್ಷರಶಃ ಪಾಲಿಸಬೇಕು, ಅಂಚಿನ ವೆಲ್‌ಗಳು ಬೇಗ ಬೆಚ್ಚಗಾಗಿ ಬಣ್ಣ ಹೆಚ್ಚು ಬರುವ ತೊಂದರೆ ಈ ಪ್ಲೇಟ್‌ಗಳಲ್ಲಿಯೂ ಇದೆ. ಹಳೆಯ ರೇಡಿಯೊ ಇಮ್ಯುನೊ ಅಸ್ಸೇಯಲ್ಲಿ ವಿಕಿರಣಶೀಲ ಅಯೋಡಿನ್‌ಗಾಗಿ ಬೇಕಾಗಿದ್ದ ಪರವಾನಗಿ, ಪ್ರತ್ಯೇಕ ಕೋಣೆ, ತ್ಯಾಜ್ಯದ ಚಿಂತೆ ಯಾವುದೂ ಇಲ್ಲಿಲ್ಲ ಎಂಬುದು ನಿಜವಾದ ನೆಮ್ಮದಿ.

ಎಳೆಯ ಮರಿಗಳ ಮಟ್ಟಿಗೆ ಮೊದಲ ಪರೀಕ್ಷೆ ಸೀರಮ್‌ನ ಪ್ರಮಾಣ. ಇಲಿಯ ಒಟ್ಟು ರಕ್ತ ದೇಹತೂಕದ ಸುಮಾರು 6ರಿಂದ 7 ಶೇಕಡಾ. ಸುಮಾರು 25 ಗ್ರಾಂ ತೂಗುವ 12 ದಿನಗಳ ಮರಿಯಲ್ಲಿ ಇದು ಒಂದೂವರೆ ಮಿಲಿಲೀಟರ್‌ಗಿಂತ ಕೊಂಚ ಹೆಚ್ಚು, ಅದರಲ್ಲಿ ಕೈಗೆ ಸಿಗುವುದು ಒಂದು ಭಾಗ ಮಾತ್ರ, ಸಿಕ್ಕಿದ್ದರಲ್ಲಿ ಸೀರಮ್ ಅರ್ಧದಷ್ಟು. ಪ್ರತಿ ವೆಲ್‌ಗೆ 50 ಮೈಕ್ರೋಲೀಟರ್ ಬೇಕಾದರೆ, ಜೋಡಿ ವೆಲ್‌ಗಳಲ್ಲಿ ಎರಡು ಹಾರ್ಮೋನುಗಳಿಗೆ 200 ಮೈಕ್ರೋಲೀಟರ್ ಸೀರಮ್ ಆಗುತ್ತದೆ. ಪ್ರಯೋಗದ ಕೊನೆಯಲ್ಲಿ ಒಮ್ಮೆ ಮಾತ್ರ ರಕ್ತ ತೆಗೆಯುವುದಾದರೆ ಇದು ಸಾಧ್ಯ, ಒಂದೇ ಮರಿಯಿಂದ ಹೊತ್ತು ಹೊತ್ತಿಗೆ ತೆಗೆಯುವುದು ಸಾಧ್ಯವೇ ಇಲ್ಲ. ಪ್ರೊಲ್ಯಾಕ್ಟಿನ್ ಕಿಟ್ಟಿಗೆ ಸೀರಮನ್ನು ಡೈಲ್ಯೂಟ್ ಮಾಡಿಯೇ ಹಾಕಬೇಕಾಗಿರುವುದರಿಂದ ಅದು ಬಹಳ ಕಡಿಮೆ ಸೀರಮ್‌ನಲ್ಲಿ ಕೆಲಸ ಮುಗಿಸುತ್ತದೆ. ಎಲ್‌ಎಚ್ ಕಿಟ್ಟಿಗೆ ಆ ಅವಕಾಶವಿಲ್ಲ, ಡೈಲ್ಯೂಟ್ ಮಾಡಿದರೆ ಇರುವ ಅಲ್ಪ ಹಾರ್ಮೋನು ಕಿಟ್ಟಿನ ದೃಷ್ಟಿಗೆ ಬೀಳುವುದೇ ಇಲ್ಲ. ಎಲ್‌ಎಚ್ ಮಿಡಿತಗಳಾಗಿ ಹೊರಬರುವ ಹಾರ್ಮೋನು. ಆ ಮಿಡಿತಗಳನ್ನು ಕಾಣಬೇಕೆನ್ನುವವರು, ಇಲಿಯ ಬಾಲದ ತುದಿಯಿಂದ ತೆಗೆದ ಕೆಲವೇ ಮೈಕ್ರೋಲೀಟರ್ ರಕ್ತದಲ್ಲಿ ಅಳೆಯುವ ಅತಿಸೂಕ್ಷ್ಮ ವಿಧಾನಗಳ ಕಡೆಗೇ ಹೋಗಬೇಕು. ಈ ಕಿಟ್ಟು ಅವರಿಗಲ್ಲ.

ಪ್ರೊಲ್ಯಾಕ್ಟಿನ್ ಕಿಟ್ಟನ್ನು ನಾನು ಹೊಗಳುವುದು ಅದು ಮೂರು ಕಡೆ ಪರೀಕ್ಷೆಗೆ ನಿಂತದ್ದರಿಂದ. ಮರಿಯ ಸೀರಮ್‌ಗೆ ಗೊತ್ತಿರುವಷ್ಟು ಪ್ರೊಲ್ಯಾಕ್ಟಿನ್ ಬೆರೆಸಿದಾಗ ಬೆರೆಸಿದ್ದು ಸರಿಯಾಗಿ ಮರಳಿ ಸಿಕ್ಕಿತು, ಸೀರಮನ್ನು ಹಂತಹಂತವಾಗಿ ಡೈಲ್ಯೂಟ್ ಮಾಡಿದಾಗ ಸಿಕ್ಕ ಗೆರೆ ಸ್ಟ್ಯಾಂಡರ್ಡ್‌ನ (ಪ್ರಮಾಣ ಮೊದಲೇ ತಿಳಿದಿರುವ ಹಾರ್ಮೋನು ದ್ರಾವಣ) ಗೆರೆಗೆ ಸಮಾಂತರವಾಗಿತ್ತು, ಡೋಪಮೈನ್ ತಡೆಗಾರ ಕೊಟ್ಟ ಗುಂಪು ಮತ್ತು ಬರೀ ದ್ರಾವಕ ಕೊಟ್ಟ ಗುಂಪು ಯಾವ ಅನುಮಾನಕ್ಕೂ ಎಡೆಯಿಲ್ಲದಂತೆ ಬೇರೆಯಾದವು. ಮರಿಗಳು ದೊಡ್ಡವಾದಂತೆ ತಡೆಗಾರಕ್ಕೆ ಪ್ರೊಲ್ಯಾಕ್ಟಿನ್ ಪ್ರತಿಕ್ರಿಯೆ ಹೆಚ್ಚುತ್ತಾ ಹೋಗುವ, ಮೊದಲೇ ತಿಳಿದಿರುವ ಕ್ರಮವನ್ನೂ ಅದು ತೋರಿಸಿತು. ಹೊಸ ಔಷಧವೊಂದನ್ನು ಪರೀಕ್ಷಿಸುವ ಮುನ್ನ, ಕೊಟ್ಟ ಔಷಧ ಪಿಟ್ಯುಟರಿಯನ್ನು ನಿಜವಾಗಿ ತಲುಪಿತೇ ಎಂದು ಖಚಿತಪಡಿಸಿಕೊಳ್ಳಲು ಇದಕ್ಕಿಂತ ಸುಲಭದ ಸಾಕ್ಷಿ ಸಿಗಲಾರದು. ಡೊಂಪೆರಿಡೋನ್ ಮತ್ತು ಹ್ಯಾಲೊಪೆರಿಡಾಲ್ ಎಂಬ ಎರಡು ಡೋಪಮೈನ್ ತಡೆಗಾರಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡುವ ಪ್ರಯೋಗದಲ್ಲಿ ಇದರ ಬೆಲೆ ಇನ್ನೂ ಹೆಚ್ಚು. ಡೊಂಪೆರಿಡೋನ್, ಹ್ಯಾಲೊಪೆರಿಡಾಲ್‌ನಂತಲ್ಲದೆ, ರಕ್ತ–ಮಿದುಳು ತಡೆಯನ್ನು (ರಕ್ತದಿಂದ ಅನೇಕ ವಸ್ತುಗಳು ಮಿದುಳಿಗೆ ಹೋಗದಂತೆ ಕಾಯುವ ಪೊರೆ) ಅಷ್ಟಾಗಿ ದಾಟುವುದಿಲ್ಲ, ಆದರೆ ಪಿಟ್ಯುಟರಿ ಆ ತಡೆಯ ಹೊರಗಿದೆ. ಆದ್ದರಿಂದ ಎರಡೂ ಔಷಧಗಳು ಪ್ರೊಲ್ಯಾಕ್ಟಿನ್ ಅನ್ನು ಸಮಾನವಾಗಿ ಏರಿಸಿವೆಯೆಂದು ಈ ಕಿಟ್ಟಿನಿಂದ ತೋರಿಸಿಕೊಂಡ ಮೇಲೆಯೇ ಎಲ್‌ಎಚ್‌ನಲ್ಲಿ ಕಾಣುವ ವ್ಯತ್ಯಾಸ ಮಿದುಳಿನದೋ ಪಿಟ್ಯುಟರಿಯದೋ ಎಂದು ವಾದಿಸಲು ನೆಲೆ ಸಿಗುತ್ತದೆ. ಮೀಡಿಯನ್ ಎಮಿನೆನ್ಸ್ ಕೂಡ ಆ ತಡೆಯ ಹೊರಗೇ ಇದೆ, ಎಳೆಯ ಮರಿಯ ತಡೆ ಬೆಳೆದ ಇಲಿಯದರಷ್ಟು ಭದ್ರವೆಂದು ಮೊದಲೇ ಭಾವಿಸಿಕೊಳ್ಳಬಾರದು ಎಂಬ ಎಚ್ಚರಿಕೆಗಳನ್ನು ಮಾತ್ರ ಮರೆಯಬಾರದು.

ಪ್ರೊಲ್ಯಾಕ್ಟಿನ್ ಒತ್ತಡಕ್ಕೆ ಕೆಲವೇ ನಿಮಿಷಗಳಲ್ಲಿ ಏರುವ ಹಾರ್ಮೋನು. ಮರಿಯನ್ನು ಹಿಡಿದ ರೀತಿ, ಪಕ್ಕದ ಪಂಜರದಿಂದ ಬಂದ ರಕ್ತದ ವಾಸನೆ, ತಾಯಿಯಿಂದ ಬೇರೆಯಾಗಿ ಕಾಯ್ದ ಸಮಯ, ಎಲ್ಲವೂ ಫಲಿತಾಂಶದಲ್ಲಿ ಸೇರಿಕೊಳ್ಳಬಲ್ಲವು. ಕಿಟ್ಟು ಅದನ್ನೆಲ್ಲ ನಿಷ್ಠೆಯಿಂದ ದಾಖಲಿಸುತ್ತದೆ. ದ್ರಾವಕದ ಗುಂಪಿನಲ್ಲಿ ಸಂಖ್ಯೆಗಳು ಚದುರಿದ್ದರೆ ಕಿಟ್ಟನ್ನು ಶಂಕಿಸುವ ಮೊದಲು ರಕ್ತ ತೆಗೆದ ಕೋಣೆಯ ವ್ಯವಸ್ಥೆಯನ್ನು ನೋಡಿಕೊಳ್ಳುವುದು ಒಳ್ಳೆಯದು.

ಎಲ್‌ಎಚ್ ಕಿಟ್ಟಿನ ಬಗ್ಗೆ ವಿವರವಾಗಿ ಹೇಳಬೇಕು. ನಾಲ್ಕನೆಯ ವಾರದ ಹೆಣ್ಣಿಲಿಗೆ ಎಸ್ಟ್ರಾಡಯಾಲ್ ಕೊಟ್ಟು ಮಾರನೆಯ ದಿನ ಮಧ್ಯಾಹ್ನದ ಉಬ್ಬರವನ್ನು ಹಿಡಿಯುವ ಪ್ರಯೋಗದಲ್ಲಿ ಅದು ಅಚ್ಚುಕಟ್ಟಾಗಿ ನಡೆದುಕೊಂಡಿತು. ಬೆಳಗಿನ ಮತ್ತು ಮಧ್ಯಾಹ್ನದ ಸೀರಮ್‌ಗಳ ನಡುವಿನ ಅಂತರ ದೊಡ್ಡದು, ಬಣ್ಣ ಗೆರೆಯ ನಡುಭಾಗದಲ್ಲಿ ಬೀಳುತ್ತದೆ, ಜೋಡಿ ವೆಲ್‌ಗಳು ಒಂದಕ್ಕೊಂದು ಹೊಂದುತ್ತವೆ. ಅಂಡಾಶಯ ತೆಗೆದ ಎಳೆಯ ಇಲಿಗಳಲ್ಲಿ ಎಲ್‌ಎಚ್ ಏರುವುದನ್ನೂ ಅದು ತೃಪ್ತಿಕರವಾಗಿ ತೋರಿಸಿತು. ತೊಡಕು ಆರಂಭವಾಗುವುದು ಅಂಡಾಶಯವಿರುವ, ಯಾವ ಔಷಧವನ್ನೂ ಪಡೆಯದ ಜುವೆನೈಲ್, ಅಂದರೆ ಇನ್ನೂ ಪ್ರೌಢವಾಗದ, ಹೆಣ್ಣಿಲಿಯ ಸೀರಮ್‌ನಲ್ಲಿ. ಅಲ್ಲಿ ಋಣಾತ್ಮಕ ಫೀಡ್‌ಬ್ಯಾಕ್ ಬಲವಾಗಿದ್ದು ಎಲ್‌ಎಚ್ ಮೊದಲೇ ತೀರ ಕಡಿಮೆ. ಅದನ್ನು ಬ್ರೋಮೊಕ್ರಿಪ್ಟಿನ್ ಇನ್ನೂ ತಗ್ಗಿಸಿತೇ, ಎಸ್ಟ್ರಾಡಯಾಲ್‌ನ ಸಣ್ಣ ಪ್ರಮಾಣ ಎಷ್ಟು ತಗ್ಗಿಸಿತು ಎಂದು ಕೇಳಿದರೆ ಈ ಕಿಟ್ಟಿನಿಂದ ಉತ್ತರ ನಿರೀಕ್ಷಿಸುವುದು ಸೌದೆ ತೂಗುವ ತಕ್ಕಡಿಯಲ್ಲಿ ಚಿನ್ನ ತೂಗಿದಂತೆ. ಸ್ಟ್ಯಾಂಡರ್ಡ್ ಗೆರೆ ತಳಭಾಗದಲ್ಲಿ ಚಪ್ಪಟೆಯಾಗಿರುವುದರಿಂದ ಬಣ್ಣದಲ್ಲಿ ಆಗುವ ಕೂದಲೆಳೆಯ ವ್ಯತ್ಯಾಸವೂ ಹಾರ್ಮೋನಿನ ಲೆಕ್ಕದಲ್ಲಿ ದೊಡ್ಡ ವ್ಯತ್ಯಾಸವಾಗಿ ಹೊರಬರುತ್ತದೆ. ಪೆಟ್ಟಿಗೆಯ ಮೇಲೆ ಅಚ್ಚಾದ ಕನಿಷ್ಠ ಮಿತಿ ಬಫರ್ ದ್ರಾವಣದಲ್ಲಿ ಕಂಡುಕೊಂಡದ್ದು, ಹಾಲು ಕುಡಿಯುವ ಮರಿಯ ಸೀರಮ್‌ನಲ್ಲಿ ಅಲ್ಲ. ಹಾಲಿನ ಕೊಬ್ಬಿನಿಂದ ಬೆಳ್ಳಗೆ ಮಬ್ಬಾಗಿರುವ ಆ ಸೀರಮ್‌ನಲ್ಲಿ ನಂಬಬಹುದಾದ ಮಿತಿ ಅದಕ್ಕಿಂತ ಮೇಲಿರುತ್ತದೆ. ತಯಾರಕರು ಇದನ್ನು ಎಲ್ಲಿಯೂ ಹೇಳಿಲ್ಲ.

ಹೆಚ್ಚು ಗಂಭೀರವಾದ ಇನ್ನೊಂದು ವಿಷಯಕ್ಕೆ ಡೋಪಮೈನ್‌ನ ಅಧ್ಯಯನದಲ್ಲಿ ಮಾತ್ರ ಬರುವ ವಿಶೇಷ ಮಹತ್ವವಿದೆ. ಎಲ್‌ಎಚ್, ಎಫ್‌ಎಸ್‌ಎಚ್ ಮತ್ತು ಥೈರಾಯ್ಡ್ ಗ್ರಂಥಿಯನ್ನು ಪ್ರಚೋದಿಸುವ ಟಿಎಸ್‌ಎಚ್ ಈ ಮೂರೂ ಎರಡು ತುಂಡುಗಳಿಂದಾದ ಹಾರ್ಮೋನುಗಳು, ಆಲ್ಫಾ ತುಂಡು ಮೂರಕ್ಕೂ ಒಂದೇ, ಬೀಟಾ ತುಂಡು ಮಾತ್ರ ಬೇರೆ ಬೇರೆ. ಕಿಟ್ಟಿನ ಪ್ರತಿಕಾಯಗಳಲ್ಲಿ ಒಂದು ಆಲ್ಫಾ ತುಂಡನ್ನು ಹಿಡಿಯುವಂಥದ್ದಾಗಿದ್ದು ಇನ್ನೊಂದು ಬೀಟಾವನ್ನು ಪೂರ್ತಿ ಖಚಿತವಾಗಿ ಗುರುತಿಸದಿದ್ದರೆ, ಎಲ್‌ಎಚ್ ಎಂದು ನಾವು ಬರೆದುಕೊಳ್ಳುವ ಸಂಖ್ಯೆಯಲ್ಲಿ ಉಳಿದೆರಡರ ಪಾಲೂ ಸೇರಿರುತ್ತದೆ. ಬೆಳೆದ ಇಲಿಯ ಸಾಮಾನ್ಯ ಪ್ರಯೋಗದಲ್ಲಿ ಇದು ಹಿನ್ನೆಲೆಯ ಸಣ್ಣ ದೋಷವಾಗಿ ಉಳಿಯಬಹುದು. ಎಳೆಯ ಹೆಣ್ಣಿಲಿಯಲ್ಲಿ ಹಾಗಲ್ಲ. ಹೆಣ್ಣುಮರಿಯ ರಕ್ತದಲ್ಲಿ ಎಫ್‌ಎಸ್‌ಎಚ್ ಬಹಳ ಎತ್ತರದಲ್ಲಿರುವುದು ಎರಡನೆಯ ವಾರದಲ್ಲಿಯೇ, ಹ್ಯಾಲೊಪೆರಿಡಾಲ್‌ಗೆ ಎಲ್‌ಎಚ್ ಏರುತ್ತದೆಂದು ಹೇಳಲಾದ ವಯಸ್ಸೂ ಅದೇ. ಟಿಎಸ್‌ಎಚ್ ಸ್ರವಿಕೆಯನ್ನು ಡೋಪಮೈನ್ ತಡೆಯುವುದರಿಂದ, ಡೋಪಮೈನ್ ತಡೆಗಾರ ಕೊಟ್ಟಾಗ ಟಿಎಸ್‌ಎಚ್ ಕೂಡ ಏರಬಹುದು. ಆಗ ಪ್ಲೇಟ್‌ನಲ್ಲಿ ಕಾಣುವ ಏರಿಕೆ ಎಲ್‌ಎಚ್‌ನದೇ ಎಂದು ಹೇಗೆ ಹೇಳುವುದು? ನಾವು ಹುಡುಕುತ್ತಿರುವ ಪರಿಣಾಮದ ದಿಕ್ಕಿನಲ್ಲಿಯೇ ದೋಷವೂ ಸಾಗುತ್ತದೆ, ಆದ್ದರಿಂದ ಅದು ಅನುಮಾನವನ್ನು ಹುಟ್ಟಿಸದೆ ನಮ್ಮ ಊಹೆಯನ್ನು ಸಮರ್ಥಿಸುವ ಫಲಿತಾಂಶದ ವೇಷದಲ್ಲಿ ಬರುತ್ತದೆ.

ಈ ಕಿಟ್ಟಿನ ಕೈಪಿಡಿಯಲ್ಲಿ ಅಡ್ಡಪ್ರತಿಕ್ರಿಯೆಯ (ಪ್ರತಿಕಾಯ ಬೇರೆ ಹಾರ್ಮೋನನ್ನೂ ಹಿಡಿಯುವುದು) ಬಗ್ಗೆ ಇರುವುದು ಒಂದೇ ಸಾಲು, ಸಂಬಂಧಿತ ಹಾರ್ಮೋನುಗಳೊಂದಿಗೆ ಗಮನಾರ್ಹ ಅಡ್ಡಪ್ರತಿಕ್ರಿಯೆ ಕಂಡುಬಂದಿಲ್ಲ ಎಂಬ ಅರ್ಥದ್ದು. ಯಾವ ಹಾರ್ಮೋನು, ಯಾವ ಪ್ರಾಣಿಯದು, ಎಷ್ಟು ಸಾಂದ್ರತೆಯಲ್ಲಿ ಪರೀಕ್ಷಿಸಿದ್ದು ಎಂಬ ವಿವರ ಬೇಕೆಂದು ಪತ್ರ ಬರೆದಾಗ ಉತ್ತರ ವಿನಯದಿಂದ ಬಂತು, ಸಂಖ್ಯೆಗಳು ಬರಲಿಲ್ಲ. ಕೊನೆಗೆ ಶುದ್ಧೀಕರಿಸಿದ ಇಲಿ ಎಫ್‌ಎಸ್‌ಎಚ್ ಮತ್ತು ಟಿಎಸ್‌ಎಚ್‌ಗಳನ್ನು ಖಾಲಿ ವೆಲ್‌ಗಳಿಗೆ ಹಾಕಿ ನಾವೇ ನೋಡಬೇಕಾಯಿತು. ನಾನು ಬಳಸಿದ ಬ್ಯಾಚಿನಲ್ಲಿ ಅಡ್ಡಪ್ರತಿಕ್ರಿಯೆ ಕಡಿಮೆಯಿತ್ತು, ಮನಸ್ಸಿಗೆ ಸಮಾಧಾನವಾಯಿತು. ಆದರೆ ಕೊಂಡವರೇ ಮಾಡಿಕೊಳ್ಳಬೇಕಾದ ಪರೀಕ್ಷೆ ಇದಾಗಬಾರದಿತ್ತು, ಇದನ್ನು ಮಾಡಿ ಪೆಟ್ಟಿಗೆಯೊಳಗೆ ಇಡುವುದು ತಯಾರಕರ ಹೊಣೆ.

ಅಳತೆಯ ಮಾನದ ಬಗ್ಗೆಯೂ ಎಚ್ಚರ ಬೇಕು. ಹಾರ್ಮೋನುಗಳನ್ನು ಪ್ರತಿಕಾಯಗಳಿಂದ ಅಳೆಯುವ ಮಾರ್ಗವನ್ನು ತೆರೆದದ್ದಕ್ಕಾಗಿ ರೊಸಾಲಿನ್ ಯಾಲೊ ಅವರಿಗೆ 1977ರಲ್ಲಿ ನೊಬೆಲ್ ಬಂದಾಗ, ಅದನ್ನು ಹಂಚಿಕೊಂಡವರು ಹೈಪೊಥಾಲಮಸ್‌ನ ಹಾರ್ಮೋನುಗಳನ್ನು ಬೇರ್ಪಡಿಸಿದ ರೋಜರ್ ಗಿಯ್ಮಾ ಮತ್ತು ಆಂಡ್ರ್ಯೂ ಶಾಲಿ. ನಮ್ಮ ವಿಷಯದ ಎರಡು ಬೇರುಗಳು ಒಂದೇ ವರ್ಷ ಒಂದೇ ವೇದಿಕೆಯಲ್ಲಿ ಗೌರವ ಪಡೆದವು ಎನ್ನುವುದು ನನಗೆ ಈಗಲೂ ಸಂತೋಷ ಕೊಡುವ ಸಂಗತಿ. ಆ ನಂತರದ ದಶಕಗಳಲ್ಲಿ ಇಲಿಯ ಎಲ್‌ಎಚ್ ಫಲಿತಾಂಶಗಳನ್ನು ಅಮೆರಿಕದ ರಾಷ್ಟ್ರೀಯ ಪಿಟ್ಯುಟರಿ ಕಾರ್ಯಕ್ರಮ ಹಂಚುತ್ತಿದ್ದ ಆರ್‌ಪಿ-1, ಆರ್‌ಪಿ-2, ಆರ್‌ಪಿ-3 ಎಂಬ ಮಾನಕಗಳ ಲೆಕ್ಕದಲ್ಲಿ ಬರೆಯುವುದು ರೂಢಿಯಾಯಿತು. ಅವುಗಳ ಶುದ್ಧತೆ ಒಂದೇ ಅಲ್ಲವಾದ್ದರಿಂದ ಒಂದೇ ಸೀರಮ್‌ಗೆ ಆರ್‌ಪಿ-1ರ ಲೆಕ್ಕದಲ್ಲಿ ಬರುವ ಸಂಖ್ಯೆ ಆರ್‌ಪಿ-3ರ ಲೆಕ್ಕದಲ್ಲಿ ಬರುವುದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಈ ಕಿಟ್ಟಿನ ಸ್ಟ್ಯಾಂಡರ್ಡ್ ಇವುಗಳಲ್ಲಿ ಯಾವುದಕ್ಕೆ ಹೊಂದಿಕೊಂಡಿದೆ ಎಂದು ಪೆಟ್ಟಿಗೆಯಲ್ಲಿ ಬರೆದಿಲ್ಲ. ಹೀಗಾಗಿ ಎಳೆಯ ಹೆಣ್ಣಿಲಿಗಳ ಬಗ್ಗೆ ಹಿಂದಿನವರು ಪ್ರಕಟಿಸಿದ ಸಂಖ್ಯೆಗಳ ಪಕ್ಕದಲ್ಲಿ ಇದರ ಸಂಖ್ಯೆಗಳನ್ನು ನೇರವಾಗಿ ಇಡುವಂತಿಲ್ಲ, ಗುಂಪುಗಳ ನಡುವಿನ ಅನುಪಾತವನ್ನು ಮಾತ್ರ ಹೋಲಿಸಬಹುದು.

ಅದೇ ಸಂಸ್ಥೆ ಎಸ್ಟ್ರಾಡಯಾಲ್ ಕಿಟ್ಟನ್ನೂ ಇವುಗಳ ಜೊತೆಗೆ ಶಿಫಾರಸು ಮಾಡುತ್ತದೆ. ಈ ವಯಸ್ಸಿಗೆ ಅದನ್ನು ಕೊಳ್ಳಬೇಡಿ. ಎಳೆಯ ಇಲಿಯ ರಕ್ತದಲ್ಲಿ ಆಲ್ಫಾ ಫೀಟೋಪ್ರೊಟೀನ್ ಎಂಬ ಪ್ರೋಟೀನು ಹೇರಳವಾಗಿದ್ದು ಎಸ್ಟ್ರಾಡಯಾಲ್ ಅನ್ನು ಬಲವಾಗಿ ಹಿಡಿದಿಟ್ಟುಕೊಂಡಿರುತ್ತದೆ, ಮೂರ್ನಾಲ್ಕು ವಾರಗಳಲ್ಲಿ ಅದು ಕ್ರಮೇಣ ಕಡಿಮೆಯಾಗುತ್ತದೆ. ರಕ್ತದಲ್ಲಿರುವ ಒಟ್ಟು ಎಸ್ಟ್ರಾಡಯಾಲ್‌ಗೂ ಮಿದುಳಿಗೆ ನಿಜವಾಗಿ ದಕ್ಕುವ ಎಸ್ಟ್ರಾಡಯಾಲ್‌ಗೂ ಆ ದಿನಗಳಲ್ಲಿ ಸಂಬಂಧವೇ ಬೇರೆ. ಫೀಡ್‌ಬ್ಯಾಕ್‌ನ ಬಲವನ್ನು ಅಂತಹ ಸಂಖ್ಯೆಯಿಂದ ತೀರ್ಮಾನಿಸಲು ಹೋಗುವುದಕ್ಕಿಂತ ಅಂಡಾಶಯ ತೆಗೆದು, ತಿಳಿದ ಪ್ರಮಾಣದ ಎಸ್ಟ್ರಾಡಯಾಲ್ ಕೊಟ್ಟು, ಎಲ್‌ಎಚ್ ಎಷ್ಟು ತಗ್ಗುತ್ತದೆಂದು ನೋಡುವುದೇ ನೇರ ದಾರಿ. ಎಲ್‌ಎಚ್ ಕಿಟ್ಟಿನ ದೌರ್ಬಲ್ಯವನ್ನು ತಪ್ಪಿಸಿಕೊಳ್ಳುವ ಒಳ್ಳೆಯ ಉಪಾಯವೂ ಇದೇ ಆಗಿದೆ: ಅಂಡಾಶಯವಿಲ್ಲದ ಇಲಿಯಲ್ಲಿ ಎಲ್‌ಎಚ್ ಎತ್ತರದಿಂದ ಇಳಿಯುತ್ತದೆ, ಎತ್ತರದಿಂದ ಇಳಿಯುವುದರ ಮೊದಲ ಭಾಗವನ್ನು ಈ ಕಿಟ್ಟು ಕಾಣಬಲ್ಲದು. ಡೋಪಮೈನ್ ತಡೆಗಾರ ಅಥವಾ ಬ್ರೋಮೊಕ್ರಿಪ್ಟಿನ್ ಆ ಇಳಿಕೆಯನ್ನು ತಡಮಾಡುತ್ತದೆಯೇ ಎಂಬ ಪ್ರಶ್ನೆಯನ್ನು ಹೀಗೆ ರೂಪಿಸಿಕೊಂಡರೆ ಕಿಟ್ಟು ಕೊಡುವ ಉತ್ತರವನ್ನು ಒಪ್ಪಬಹುದು.

ಸರಬರಾಜು ಚೆನ್ನಾಗಿತ್ತು. ಪೆಟ್ಟಿಗೆಗಳು ತಣ್ಣಗೆ ತಲುಪಿದವು, ಬಳಕೆಯ ಅವಧಿ ಮುಗಿಯಲು ಸಾಕಷ್ಟು ಸಮಯವಿತ್ತು. ಬ್ಯಾಚುಗಳ ನಡುವಿನ ವ್ಯತ್ಯಾಸ ಮಾತ್ರ ಎಲ್‌ಎಚ್ ಕಿಟ್ಟಿನಲ್ಲಿ ಕಡೆಗಣಿಸಲಾರದಷ್ಟಿದೆ. 12, 22 ಮತ್ತು 32 ದಿನಗಳ ಮರಿಗಳನ್ನು ಹೋಲಿಸುವ ಅಧ್ಯಯನದಲ್ಲಿ ಒಂದೊಂದು ವಯಸ್ಸಿನ ಸೀರಮ್ ಒಂದೊಂದು ಬ್ಯಾಚಿಗೆ ಹೋದರೆ ಬ್ಯಾಚಿನ ವ್ಯತ್ಯಾಸವೇ ಬೆಳವಣಿಗೆಯ ವ್ಯತ್ಯಾಸದಂತೆ ಕಾಣುತ್ತದೆ. ಎಲ್ಲ ಸೀರಮ್‌ಗಳನ್ನೂ ಫ್ರೀಜರ್‌ನಲ್ಲಿ ಸಣ್ಣ ಪಾಲುಗಳಾಗಿ ಕೂಡಿಟ್ಟು, ಒಮ್ಮೆ ಕರಗಿಸಿದ್ದನ್ನು ಮತ್ತೆ ಹೆಪ್ಪುಗಟ್ಟಿಸದೆ, ಒಂದೇ ಬ್ಯಾಚಿನಲ್ಲಿ, ಎಲ್ಲ ವಯಸ್ಸುಗಳೂ ಪ್ರತಿ ಪ್ಲೇಟ್‌ನಲ್ಲಿ ಬೆರೆತಿರುವಂತೆ ನಡೆಸಬೇಕು. ಆರ್ಡರ್ ಕೊಡುವಾಗಲೇ ಬೇಕಾದಷ್ಟು ಪ್ಲೇಟ್‌ಗಳನ್ನು ಒಂದೇ ಬ್ಯಾಚಿನಿಂದ ಕಾಯ್ದಿರಿಸಲು ಕೇಳಿದರೆ ಮಾರಾಟಗಾರರು ಒಪ್ಪುತ್ತಾರೆ, ನಮ್ಮ ವಿಷಯದಲ್ಲಿ ಒಪ್ಪಿದರು.

ಧನಾತ್ಮಕ ಫೀಡ್‌ಬ್ಯಾಕ್‌ನ ಮೊದಲ ದಿನಗಳನ್ನೂ ಅದರಲ್ಲಿ ಡೋಪಮೈನ್‌ನ ಪಾತ್ರವನ್ನೂ ಅಧ್ಯಯನ ಮಾಡುವವರಿಗೆ ಈ ಜೋಡಿಯನ್ನು ನಾನು ಶಿಫಾರಸು ಮಾಡುತ್ತೇನೆ. ಎರಡನೆಯ ವಾರದ ಹೆಣ್ಣುಮರಿಯಲ್ಲಿ ಹ್ಯಾಲೊಪೆರಿಡಾಲ್‌ನ ಪರಿಣಾಮವನ್ನು ಮತ್ತೆ ಪರೀಕ್ಷಿಸುವವರು ಇದನ್ನು ಕೊಳ್ಳಬಹುದು, ಆದರೆ ತಮ್ಮ ಬ್ಯಾಚಿನಲ್ಲಿ ಎಫ್‌ಎಸ್‌ಎಚ್ ಮತ್ತು ಟಿಎಸ್‌ಎಚ್‌ಗಳ ಅಡ್ಡಪ್ರತಿಕ್ರಿಯೆಯನ್ನು ತಾವೇ ನೋಡಿಕೊಂಡ ಮೇಲೆ, ಅದೇ ವಯಸ್ಸಿನ ಗಂಡುಮರಿಗಳನ್ನೂ ಅದೇ ಪ್ಲೇಟ್‌ನಲ್ಲಿ ಇಟ್ಟು. ಅಂಡಾಶಯವಿರುವ ಜುವೆನೈಲ್ ಇಲಿಯಲ್ಲಿ ಎಲ್‌ಎಚ್ ಇನ್ನೂ ಎಷ್ಟು ತಗ್ಗಿತು ಎಂಬುದೇ ಪ್ರಶ್ನೆಯಾಗಿದ್ದರೆ ಪ್ರೊಲ್ಯಾಕ್ಟಿನ್ ಪೆಟ್ಟಿಗೆಯನ್ನು ಮಾತ್ರ ತರಿಸಿಕೊಂಡು, ಎಲ್‌ಎಚ್‌ಗಾಗಿ ಅತಿಸೂಕ್ಷ್ಮ ವಿಧಾನವಿರುವ ಪ್ರಯೋಗಾಲಯವೊಂದಕ್ಕೆ ಸೀರಮ್ ಕಳುಹಿಸುವುದು ಒಳಿತು.